ತಮ್ಮ ಮರಾಠಾ ರೆಜಿಮೆಂಟ್ ಸೇರಿದರೆ ಬೆಳಗಾವಿಯಲ್ಲೇ ಇರುತ್ತಾನಾ?

ತಮ್ಮ ಮರಾಠಾ ಲೈಟ್ ಇನ್ಫೆಂಟ್ರಿಗೆ ಆಯ್ಕೆಯಾಗಿದ್ದಾನೆ, ಬೆಳಗಾವಿಯಲ್ಲೇ ಇರುತ್ತಾನಾ, ಕರ್ನಾಟಕದಲ್ಲಿ ಸೈನ್ಯ ಇನ್ನೆಲ್ಲೆಲ್ಲಿದೆ ಅಂತ ಕೇಳಿದ್ದೀರಿ. ತರಬೇತಿ ಮುಗಿಯುವವರೆಗೆ ಇರುತ್ತಾನೆ, ಆಮೇಲೆ ಇರಲ್ಲ.

ಬೆಳಗಾವಿಯಲ್ಲಿರುವುದು ರೆಜಿಮೆಂಟಲ್ ಸೆಂಟರ್, ಅಂದರೆ ರೆಜಿಮೆಂಟಿನ ತವರುಮನೆ. ಹೊಸ ಹುಡುಗರು ತಯಾರಾಗುವುದು, ಕಸಂ ಪರೇಡ್‌ನಲ್ಲಿ ಪ್ರಮಾಣ ಮಾಡುವುದು ಅಲ್ಲಿ. ಕಾದಾಡುವ ಪಲ್ಟನ್‌ಗಳು, ಅಂದರೆ ಬೆಟಾಲಿಯನ್‌ಗಳು, ಮಾತ್ರ ದೇಶದ ತುಂಬ ಚದುರಿರುತ್ತವೆ. 1768ರಲ್ಲಿ ಮುಂಬೈಯಲ್ಲಿ ಕಟ್ಟಿದ ಮೊದಲ ಪಲ್ಟನ್ 'ಜಂಗಿ ಪಲ್ಟನ್' ಕೂಡ ಹಾಗೇ. ಎರಡು ಮೂರು ವರ್ಷ ಗಡಿಯಲ್ಲಿ, ಆಮೇಲೆ ಯಾವುದೋ ಊರಿನ ಶಾಂತಿ ನೆಲೆಯಲ್ಲಿ, ಮತ್ತೆ ಗಡಿಗೆ.

ಇದು ನಾನು ಮನೆಯಲ್ಲೇ ಕಂಡದ್ದು. ಅಪ್ಪ ಇದೇ ರೆಜಿಮೆಂಟಿನಲ್ಲಿದ್ದರು. ಅವರು ಗಡಿಯಲ್ಲಿದ್ದಾಗ ನಾವು ಕಾಗದ ಬರೆಯುತ್ತಿದ್ದ ವಿಳಾಸದಲ್ಲಿ ಊರೇ ಇರುತ್ತಿರಲಿಲ್ಲ. ನಂಬರು, ಹೆಸರು, ಪಲ್ಟನ್, ಕೆಳಗೆ ಸೇನೆಯ ಅಂಚೆ ಕಚೇರಿಯ ಗುರುತು 'ಕೇರ್ ಆಫ್ 56 ಎಪಿಒ', ಅಷ್ಟೇ. ಎಲ್ಲಿದ್ದರು ಅನ್ನುವುದು ಅವ್ವನಿಗೂ ಅವರು ರಜೆಗೆ ಬಂದ ಮೇಲೇ ತಿಳಿಯುತ್ತಿತ್ತು. ಅವರ ಕರಿ ಟ್ರಂಕು ಈಗಲೂ ನನ್ನ ಹತ್ತಿರ ಇದೆ. ಬಿಳಿ ಬಣ್ಣದಲ್ಲಿ 'ಹವಾಲ್ದಾರ್' ಅಂತ ಬರೆದದ್ದರ ಅಡಿಯಲ್ಲಿ, ಅಳಿಸಿದರೂ ಪೂರ್ತಿ ಹೋಗದ ಅವರ ಹಿಂದಿನ ದರ್ಜೆ 'ನಾಯಕ್' ಕಾಣುತ್ತದೆ.

ಬೆಂಗಳೂರಿಗೂ ಇದೇ ಲೆಕ್ಕ. ಹಲಸೂರು ಕೆರೆಯ ಪಕ್ಕ 1780ರಿಂದ ಇತಿಹಾಸವಿರುವ, ಸೇನೆಯ ಎಂಜಿನಿಯರ್ ಯೋಧರ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ, ಅಲ್ಲಿಯವರನ್ನು ಸೇನೆಯೇ ಪ್ರೀತಿಯಿಂದ 'ತಂಬಿ' ಅನ್ನುತ್ತದೆ. ಪ್ಯಾರಾಚೂಟ್ ರೆಜಿಮೆಂಟ್, ಸೈನ್ಯಕ್ಕೆ ಸಾಮಾನು ಸರಬರಾಜು ಮಾಡುವ ಎಎಸ್‌ಸಿ (ಆರ್ಮಿ ಸರ್ವಿಸ್ ಕೋರ್) ಇವುಗಳ ಸೆಂಟರ್‌ಗಳೂ ಅಲ್ಲಿವೆ. ತಯಾರಾಗುವುದು ಇಲ್ಲಿ, ಕೆಲಸ ಬೇರೆ ಕಡೆ. ಬೀದರ್ ವಾಯುನೆಲೆಯಲ್ಲೂ ಯುವ ಪೈಲಟ್‌ಗಳು ಹಾಕ್ ವಿಮಾನದಲ್ಲಿ ಕಲಿಯುತ್ತಾರೆ. ಆಕಾಶದಲ್ಲಿ ಕಸರತ್ತು ತೋರಿಸುವ ಒಂಬತ್ತು ವಿಮಾನಗಳ ಸೂರ್ಯಕಿರಣ ತಂಡದ ಮನೆಯೂ ಅದೇ.

ಕಾರವಾರದ ಕಥೆ ಬೇರೆ. ಅದು ನಿಜವಾಗಿಯೂ ಹಡಗುಗಳು ತಂಗುವ ನೆಲೆ. ಐಎನ್‌ಎಸ್ ಕದಂಬ ಎಂಬ ಹೆಸರು ಕೇಳಿ ಹಡಗು ಅಂದುಕೊಳ್ಳುವವರು ಬಹಳ. ದಡದ ನೆಲೆಗೂ ಹಡಗಿನಂತೆ ಹೆಸರಿಡುವುದು ಬ್ರಿಟಿಷ್ ನೌಕಾಪಡೆಯಿಂದ ಬಂದ ರೂಢಿ. ಬನವಾಸಿಯ ಕದಂಬರ ಹೆಸರು ಅಲ್ಲಿಗೆ ಬಂದದ್ದು ನನಗಂತೂ ಹೆಮ್ಮೆ. ಮುಂಬೈ ಬಂದರಿನಲ್ಲಿ ಇಕ್ಕಟ್ಟಾದ ಕಾರಣ ಹುಡುಕಿದ ಜಾಗವಿದು. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ನೆಲೆ ಸೇವೆಗೆ ಬಂತು. ವಿಮಾನವಾಹಕ ವಿಕ್ರಮಾದಿತ್ಯ ಬಂದು ನಿಲ್ಲುವುದು ಇಲ್ಲೇ. ಹಡಗನ್ನೇ ನೀರಿನಿಂದ ಮೇಲೆತ್ತಿ ರಿಪೇರಿಗೆ ಒಯ್ಯುವ ಶಿಪ್‌ಲಿಫ್ಟ್ ಇದೆ. ಊರಿನವರು ಮಾತ್ರ ಇಂದಿಗೂ ಯೋಜನೆಯ ಹಳೇ ಹೆಸರಿನಲ್ಲಿ 'ಸೀಬರ್ಡ್' ಅಂತಲೇ ಅನ್ನುತ್ತಾರೆ. ಅದಕ್ಕಾಗಿ ಕಾರವಾರ, ಅಂಕೋಲಾ ಕರಾವಳಿಯ ಸಾವಿರಾರು ಮನೆಗಳವರು ಊರು ಬಿಟ್ಟಿದ್ದಾರೆ, ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದಿದ್ದಾರೆ. ನೆಲೆಯ ಬಗ್ಗೆ ಮಾತಾಡುವಾಗ ಅವರನ್ನು ಬಿಟ್ಟು ಮಾತಾಡಲು ನನಗೆ ಮನಸ್ಸಾಗದು.

ನಿಮ್ಮ ತಮ್ಮನ ಕಸಂ ಪರೇಡ್‌ಗೆ ಮನೆಯವರೆಲ್ಲ ಹೋಗಿ ಬನ್ನಿ. ಅಲ್ಲಿಂದ ಹೊರಡುವ ಮುಂಚೆ ಅವನ ಸರ್ವಿಸ್ ನಂಬರು ಮತ್ತು ಹೋಗಲಿರುವ ಪಲ್ಟನ್ ಯಾವುದೆಂದು ಒಂದು ಚೀಟಿಯಲ್ಲಿ ಬರೆದು ನಿಮ್ಮ ಅವ್ವನ ಕೈಗೆ ಕೊಡಿ. ಕಾಗದ, ಪಾರ್ಸೆಲ್ ಅವನಿಗೆ ಮುಟ್ಟಲು ಅದು ಬೇಕೇ ಬೇಕು.