ಬಲಗಿವಿಯ ರಿಂಗು

ಕಿವಿ ಚುಚ್ಚಿಸಿಕೊಂಡ ಮಗನ ಮೇಲೆ ದೂರು ಹೊತ್ತು ಕೌನ್ಸೆಲಿಂಗ್‌ಗೆ ಬರುವ ಅಪ್ಪ ಅಮ್ಮಂದಿರು ನನಗೆ ಹೊಸಬರಲ್ಲ. ಹೆಚ್ಚಿನವರದ್ದು ಕ್ಯಾಂಪಸ್ ಇಂಟರ್‌ವ್ಯೂ ಚಿಂತೆ, ಇಲ್ಲವೇ ಮದುವೆಮನೆಯಲ್ಲಿ ನೆಂಟರು ಆಡಿಕೊಂಡರೆಂಬ ಸಿಟ್ಟು. ಒಂದು ಭೇಟಿಯಲ್ಲಿ ಇಳಿದುಹೋಗುತ್ತದೆ. ಇದು ಇಳಿಯಲಿಲ್ಲ. ಇಂಥದ್ದೇ ಮತ್ತೆ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹುಡುಗನಿಗೆ 20. ಉಡುಪಿ ಕಡೆಯವನು, ಇಂಜಿನಿಯರಿಂಗ್ ಓದು. ತಂದೆ ಮುಂಬಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಮಗ ಬಲಗಿವಿಗೆ ರಿಂಗು ಹಾಕಿ ಬಂದ ದಿನದಿಂದ ಮಾತು ಬಂದ್. ಊಟವೂ ಬೇರೆ ಬೇರೆ ಹೊತ್ತಿಗೆ.

ತಂದೆಯೊಬ್ಬರನ್ನೇ ಕೂರಿಸಿಕೊಂಡೆ. ಅಜ್ಜನ ಕಿವಿಯ ಒಂಟಿಯ ವಿಷಯ ಅವರೇ ತೆಗೆದರು. "ನಮ್ಮಜ್ಜ ಎರಡೂ ಕಿವಿಗೆ ಚಿನ್ನದ ಒಂಟಿ ಹಾಕ್ತಿದ್ರು ಮೇಡಂ, ನನಗೆ ಗೊತ್ತುಂಟು. ಇದು ಹಾಗಲ್ಲ." (ಗಂಡುಮಕ್ಕಳಿಗೂ ಕರ್ಣವೇಧ ಇತ್ತು, ಮಂಗಳೂರಿನ ಕದ್ರಿಯ ಜೋಗಿಮಠದ ನಾಥಪಂಥದ ಯೋಗಿಗಳು ಕಿವಿಯ ನಡುವನ್ನೇ ಸೀಳಿ ಕುಂಡಲ ತೊಡುತ್ತಾರೆ ಎಂದೆಲ್ಲ ಹೇಳಿ ಬಾಯಿ ಮುಚ್ಚಿಸುವುದು ನಮ್ಮ ವೃತ್ತಿಯವರಿಗೆ ಸುಲಭದ ದಾರಿ. ಎಲ್ಲ ನಿಜವೇ. ಇವರ ಹೆದರಿಕೆ ಅಲ್ಲಿರಲಿಲ್ಲ.) ಏನು ಕೇಳಿದರೂ ಮಾತು ಬಲಗಿವಿಗೇ ಬಂದು ನಿಲ್ಲುತ್ತಿತ್ತು. ಕೊನೆಗೆ ಮೇಜಿನ ಮೇಲಿದ್ದ ಪೇಪರ್‌ವೇಟ್ ತಿರುಗಿಸುತ್ತ ಅಂದರು: "ಎಡಗಿವಿ ಆಗಿದ್ರೆ ಸುಮ್ಮನಿರ್ತಿದ್ದೆ. ಬಲ ಅಂದ್ರೆ ಎಂತ ಅಂತ ಮುಂಬಯಿಯಲ್ಲಿ ಕೇಳಿದ್ದೇನೆ. ಅವನು ಆ ತರದವನಾ? ನೀವೇ ಕೇಳಿ ಹೇಳಿ."

ಅವರು ಕೇಳಿದ್ದು ಬುಡವಿಲ್ಲದ ಮಾತಲ್ಲ. 1970, 80ರ ದಶಕಗಳಲ್ಲಿ ಅಮೆರಿಕ, ಬ್ರಿಟನ್ ಕಡೆ ಬಲಗಿವಿಯ ರಿಂಗು ಸಲಿಂಗಿ ಗಂಡಸರ ಗುರುತೆಂಬ ನಂಬಿಕೆ ಹಬ್ಬಿತ್ತು. ಈಗ ಅಲ್ಲೇ ಅದಕ್ಕೆ ಬೆಲೆಯಿಲ್ಲ. ಹುಡುಗನ ಕಾರಣವಂತೂ ಇನ್ನೂ ಸರಳ, ತಾಯಿಯ ಎದುರೇ ನಗುತ್ತ ಹೇಳಿದ್ದ: "ನನಗೆ ಎಡ ಮಗ್ಗುಲಲ್ಲೇ ನಿದ್ದೆ ಬರೋದು. ಚುಚ್ಚಿದ ಕಿವಿ ದಿಂಬಿಗೆ ಒತ್ತುತ್ತದೆ."

ಇದನ್ನು ತಂದೆಗೆ ದಾಟಿಸಿದ್ದರೆ ಮನೆ ಅವತ್ತೇ ತಣ್ಣಗಾಗುತ್ತಿತ್ತು. ಸಹೋದ್ಯೋಗಿಯೊಬ್ಬರು ಈಗಲೂ ಹಾಗೇ ಅನ್ನುತ್ತಾರೆ. ನಾನು ದಾಟಿಸಲಿಲ್ಲ. "ಅದನ್ನು ನಾನು ಕೇಳುವುದಿಲ್ಲ, ಅವನಾಗಿ ಹೇಳಿದರೂ ನಿಮಗೆ ಹೇಳುವುದಿಲ್ಲ. ಹಾಗೇ ಆಗಿದ್ದರೆ ನೀವು ಅವನ ಜೊತೆ ಊಟಕ್ಕೆ ಕೂರುವುದಿಲ್ಲವಾ?" ಎಂದೆ.

ಪೇಪರ್‌ವೇಟ್ ನಿಂತಿತು. ತುಂಬ ಹೊತ್ತಿನ ಮೇಲೆ, ಗೊಣಗಿದಂತೆ: "ಕೂರದೆ ಎಂತ ಮಾಡುದು?"

ನನಗೆ ಬೇಕಿದ್ದದ್ದು ಈ ಉತ್ತರ. "ಹೆದರಬೇಡಿ, ಅವನು ಹಾಗಲ್ಲ" ಎಂದು ಕಳಿಸಿದ್ದರೆ, ಹಾಗಿದ್ದರೆ ಹೆದರಬೇಕು ಎಂದು ನಾನೇ ಒಪ್ಪಿದಂತೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಹೇಳಿದೆ. ಕೌನ್ಸೆಲಿಂಗ್ ಕೋಣೆಯಲ್ಲಿ ಕೂತ ನಾನು ಅದಕ್ಕಿಂತ ಹಿಂದೆ ನಿಲ್ಲಲೇ? ಇದು ಅತಿಯಾಯಿತು ಎಂದು ಕೆಲವರಿಗೆ ಅನಿಸಬಹುದು. ಅನಿಸಲಿ.

ಉಳಿದ ಸಲಹೆಗಳು ಸಣ್ಣವು. ತಂದೆಗೆ: ರಾತ್ರಿಯೂಟ ಜೊತೆಗೆ, ಆ ಹೊತ್ತಿನಲ್ಲಿ ಕಿವಿಯ ಸುದ್ದಿ ಬೇಡ. ಮಗನಿಗೆ: ಕಿವಿಯ ಹಾಲೆ ಮಾಗಲು 6ರಿಂದ 8 ವಾರ ಬೇಕು, ಅಷ್ಟರೊಳಗೆ ಹಟಕ್ಕೆ ಬಿದ್ದು ತೆಗೆಯುವುದು ಹಾಕುವುದು ಮಾಡಿದರೆ ಕೀವಾಗುತ್ತದೆ. ನಿಕ್ಕಲ್ ಬೆರೆತ ಅಗ್ಗದ ರಿಂಗು ಬೇಡ. ಇಂಟರ್‌ವ್ಯೂ ದಿನ ತೆಗೆಯುವುದೋ ಬಿಡುವುದೋ, ಅದು ಅವನದೇ ತೀರ್ಮಾನ. ತಾಯಿಗೆ: ಇಬ್ಬರ ನಡುವೆ ಮಾತು ಸಾಗಿಸುವ ಕೆಲಸ ಇವತ್ತಿಗೇ ಬಿಡಿ. ಮೂವರಲ್ಲಿ ಹೆಚ್ಚು ಕಷ್ಟವಾದದ್ದು ಅವರಿಗೇ ಅಂತೆ.