ರಕ್ತ ತೆಳು ಮಾಡೋ ಮಾತ್ರೆಯಿಂದ ಬ್ಲೀಡಿಂಗ್ ಆಯ್ತು, ಹಾರ್ಟ್‌ಗೆ ಡಿವೈಸ್ ಹಾಕಿಸ್ಬಹುದಾ?

ಪ್ರಶ್ನೆ: ನಮ್ಮಪ್ಪಂಗೆ 72 ವರ್ಷ, ಬಿಪಿ ಶುಗರ್ ಎರಡೂ ಇದೆ. ಏಟ್ರಿಯಲ್ ಫಿಬ್ರಿಲೇಶನ್ (ಎದೆಬಡಿತ ತಾಳ ತಪ್ಪೋ ಕಾಯಿಲೆ) ಅಂತ ರಕ್ತ ತೆಳು ಮಾಡೋ ಎಪಿಕ್ಸಬಾನ್ ಮಾತ್ರೆ ತಗೋತಿದ್ರು. ಹೋದ ವಾರ ಮಲ ಕಪ್ಪಗೆ ಹೋಗಿ ಹಿಮೋಗ್ಲೋಬಿನ್ ಇಳಿದು ಅಡ್ಮಿಟ್ ಮಾಡಿದ್ವಿ, ಈಗ ಮಾತ್ರೆ ನಿಲ್ಸಿದಾರೆ. ಹಾರ್ಟ್‌ಗೆ ಡಿವೈಸ್ ಹಾಕಿಸಿದ್ರೆ ಮಾತ್ರೆ ತಂಟೆನೇ ಇರಲ್ಲ ಅಂತ ನೆಂಟರು ಹೇಳ್ತಿದಾರೆ. ಹಾಕಿಸ್ಬಹುದಾ?
(ಓದುಗರು, ಮದ್ದೂರು)

ಉತ್ತರ: ಹಾಕಿಸ್ಬಹುದು, ಆದ್ರೆ ಅದಕ್ಕೂ ಮುಂಚೆ ರಕ್ತ ಎಲ್ಲಿಂದ ಹೋಯ್ತು ಅಂತ ಗೊತ್ತಾಗ್ಬೇಕು. ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಟ್ಯೂಬ್ ಇಳಿಸಿ ಹೊಟ್ಟೆ ನೋಡೋದು) ಆಗಿದ್ಯಾ ಅಂತ ನೀವು ಬರ್ದಿಲ್ಲ. ಆಗಿಲ್ಲ ಅಂದ್ರೆ ಮೊದ್ಲು ಅದನ್ನ ಮಾಡ್ಸಿ. ಇನ್ನೊಂದು, ಅಪ್ಪನ್ನ ಕೂರಿಸ್ಕೊಂಡು ನಿಧಾನವಾಗಿ ಕೇಳಿ, ಮಂಡಿನೋವಿಗೆ ಅಂತ ಮೆಡಿಕಲ್ ಸ್ಟೋರಿಂದ ಡೈಕ್ಲೋಫೆನಾಕ್ ಥರದ ಮಾತ್ರೆ ತಂದು ನುಂಗ್ತಿದ್ರಾ ಅಂತ, ಯಾಕಂದ್ರೆ ಗದ್ದೆ ಕೆಲಸ ಮಾಡಿ ಸವೆದ ಮಂಡಿ ಇರೋರು ಬಹಳ ಜನ ಇದನ್ನ ತಗೋತಾರೆ, ಡಾಕ್ಟರ್ ಹತ್ರ ಮಾತ್ರ ಹೇಳಲ್ಲ, ಎಪಿಕ್ಸಬಾನ್ ಜೊತೆ ಅದು ಸೇರಿದ್ರೆ ಹೊಟ್ಟೆಯಲ್ಲಿ ಬ್ಲೀಡಿಂಗ್ ಆಗೋ ಅಪಾಯ ತುಂಬಾ ಜಾಸ್ತಿ. ಅಲ್ಸರ್ ಇದ್ದು ಅದು ವಾಸಿಯಾಗಿ ನೋವಿನ ಮಾತ್ರೆನೂ ಬಿಟ್ರೆ, ಎಷ್ಟೋ ಜನಕ್ಕೆ ಅದೇ ಎಪಿಕ್ಸಬಾನ್ ಮತ್ತೆ ಶುರು ಮಾಡ್ಬಹುದು, ಡಿವೈಸ್ ಮಾತೇ ಬರಲ್ಲ.

ಈಗ ಡಿವೈಸ್ ವಿಚಾರ. ಹೃದಯದ ಎಡಗಡೆ ಮೇಲಿನ ಕೋಣೆಗೆ ಅಂಟ್ಕೊಂಡು ಹೆಬ್ಬೆರಳಷ್ಟು ಒಂದು ಚೀಲ ಇರುತ್ತೆ. ಬಡಿತ ತಾಳ ತಪ್ಪಿದಾಗ ಆ ಕೋಣೆ ಸರಿಯಾಗಿ ಹಿಂಡಲ್ಲ, ನಾಲೆ ತಿರುವಿನಲ್ಲಿ ನೀರು ನಿಂತು ಪಾಚಿ ಕಟ್ಟೋ ಹಾಗೆ ಆ ಚೀಲದೊಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತೆ, ಅದು ಜಾರಿ ಮೆದುಳಿಗೆ ಹೋದ್ರೆ ಸ್ಟ್ರೋಕ್. ವಾಲ್ವ್ ಕಾಯಿಲೆ ಇಲ್ದೇ ಇರೋರಲ್ಲಿ ಎಡ ಕೋಣೆಯ ಹೆಪ್ಪು ಸುಮಾರು 90% ಸಿಗೋದು ಈ ಚೀಲದಲ್ಲೇ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಟ್ಯೂಬ್ ಏರ್ಸಿ, ಎರಡು ಕೋಣೆ ನಡುವಿನ ಗೋಡೆ ಚುಚ್ಚಿ ದಾಟಿ, ನಿಟಿನಾಲ್ ಅನ್ನೋ ಲೋಹದ ತಂತಿಯ ಮುಚ್ಚಳವನ್ನ ಚೀಲದ ಬಾಯಿಗೆ ಕೂರಿಸ್ತಾರೆ. ವಾಚ್‌ಮನ್, ಆಮ್ಯುಲೆಟ್ ಅನ್ನೋವು ಇವೇ. ಪೇಸ್‌ಮೇಕರ್ ಅಲ್ಲ, ಬ್ಯಾಟರಿ ಇಲ್ಲ, ಎದೆಬಡಿತನೂ ಇದರಿಂದ ಸರಿ ಹೋಗಲ್ಲ, ಬಡಿತ ಕಂಟ್ರೋಲ್ ಮಾಡೋ ಮಾತ್ರೆ ಹಂಗೇ ಮುಂದುವರೀಬೇಕು.

ಮಾತ್ರೆ ತಂಟೆನೇ ಇರಲ್ಲ ಅನ್ನೋದು ತಪ್ಪು. ಮುಚ್ಚಳದ ಮೇಲೆ ಚರ್ಮದ ಥರ ಪದರ ಬೆಳೆಯೋ ತನಕ ಅದರ ಮೇಲೇ ಹೆಪ್ಪು ಕಟ್ಟಬಹುದು, ಅದಕ್ಕೆ ಕೆಲವು ತಿಂಗಳು ರಕ್ತ ತೆಳು ಮಾಡೋ ಮಾತ್ರೆನೋ ಇಲ್ಲ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ಲೋ ಬೇಕೇ ಬೇಕು, ಸಾಮಾನ್ಯವಾಗಿ 45 ದಿನದ ಹೊತ್ತಿಗೆ ಗಂಟಲಿಂದ ಎಕೋ (ಹೃದಯದ ಸ್ಕ್ಯಾನ್) ಮಾಡಿ ಮುಚ್ಚಳ ಸರಿಯಾಗಿ ಕೂತಿದ್ಯಾ ಅಂತ ನೋಡ್ತಾರೆ. ಹಾಕುವಾಗ ಹೃದಯದ ಸುತ್ತ ರಕ್ತ ತುಂಬ್ಕೊಳ್ಳೋ ಅಪಾಯ ಇದೆ, ಕಮ್ಮಿ, ಆದ್ರೂ ಇದೆ. ರಕ್ತ ತೆಳು ಮಾಡೋ ಹಳೇ ಮಾತ್ರೆ ವಾರ್ಫರಿನ್ ಜೊತೆ ಡಿವೈಸನ್ನ ಹೋಲಿಸಿದ ಪ್ರೊಟೆಕ್ಟ್ ಎಎಫ್, ಪ್ರಿವೇಲ್ ಟ್ರಯಲ್‌ಗಳ 5 ವರ್ಷದ ಲೆಕ್ಕದಲ್ಲಿ ಒಟ್ಟು ಸ್ಟ್ರೋಕ್ ಹೆಚ್ಚುಕಮ್ಮಿ ಸಮ, ಮೆದುಳಿನ ರಕ್ತಸ್ರಾವ ಡಿವೈಸ್‌ನವರಲ್ಲಿ ಕಮ್ಮಿ. ಅದಕ್ಕೇ ನಾನು ಇದನ್ನ ಕರುಳಿನ ಸಣ್ಣ ರಕ್ತನಾಳದಿಂದ ಪದೇ ಪದೇ ಬ್ಲೀಡ್ ಆಗೋರಿಗೆ, ಮೆದುಳಲ್ಲಿ ರಕ್ತಸ್ರಾವ ಆಗಿರೋರಿಗೆ ಧೈರ್ಯವಾಗಿ ಹೇಳ್ತೀನಿ. ಸಂಧಿವಾತ ಜ್ವರದಿಂದ ಮೈಟ್ರಲ್ ವಾಲ್ವ್ ಕಿರಿದಾಗಿರೋರಿಗೆ, ಮೆಟಲ್ ವಾಲ್ವ್ ಹಾಕಿರೋರಿಗೆ ಇದು ಅಲ್ಲ, ನಮ್ಮ ಕಡೆ ಅಂಥವರು ಇನ್ನೂ ಜಾಸ್ತಿನೇ ಇದಾರೆ. ಖರ್ಚೂ ಲಕ್ಷಗಟ್ಟಲೆ.

ನನಗೆ ನಿಜವಾಗ್ಲೂ ಚಿಂತೆ ಇರೋದು ಈಗಿನ ದಿನಗಳದ್ದು. ವಯಸ್ಸಿಗೆ 1, ಬಿಪಿಗೆ 1, ಶುಗರ್‌ಗೆ 1, ಸ್ಟ್ರೋಕ್ ಅಪಾಯ ಅಳೆಯೋ ಸ್ಕೋರ್ ನಿಮ್ಮಪ್ಪಂಗೆ ಆಗ್ಲೇ 3, ಮಾತ್ರೆನೂ ಇಲ್ಲ ಡಿವೈಸೂ ಇಲ್ಲ. ಮತ್ತೆ ಯಾವಾಗ ಶುರು ಅಂತ ಡಾಕ್ಟರ್ ಹತ್ರ ತಾರೀಖು ಕೇಳ್ಕೊಳ್ಳಿ. ಅಷ್ಟರಲ್ಲಿ ಬಾಯಿ ಸೊಟ್ಟ ಆದ್ರೆ, ಕೈ ಬಿದ್ದೋದ್ರೆ, ಮಾತು ತೊದಲಿದ್ರೆ, ಲಕ್ವ ಅಂತ ಎಣ್ಣೆ ತಿಕ್ಕಿಸೋಕೆ ಕರ್ಕೊಂಡೋಗ್ಬೇಡಿ ದಯವಿಟ್ಟು, ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೆ ನೇರ ಹೋಗಿ, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಟೈಮ್ ಇರೋದು ನಾಲ್ಕೂವರೆ ಗಂಟೆ ಮಾತ್ರ. ಹಾಂ, ಸೊಪ್ಪು ತಿನ್ಬಾರ್ದು ಅನ್ನೋದು ವಾರ್ಫರಿನ್, ಅಸಿಟ್ರೋಮ್ ತಗೊಳೋರಿಗೆ ಇರೋ ಎಚ್ಚರಿಕೆ, ಎಪಿಕ್ಸಬಾನ್‌ಗೆ ಅಲ್ಲ, ಎಪಿಕ್ಸಬಾನ್ ತಗೊಳೋರು ಬಸ್ಸಾರು ಮುದ್ದೆ ಆರಾಮಾಗಿ ಉಣ್ಬಹುದು.

ಮೈಸೂರಿನ ಜಯದೇವಕ್ಕೋ ನಿಮ್ಮ ಹಾರ್ಟ್ ಡಾಕ್ಟರ್ ಹತ್ರನೋ ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಎಕೋ, ಎಂಡೋಸ್ಕೋಪಿ ರಿಪೋರ್ಟ್, ಮನೇಲಿರೋ ಎಲ್ಲಾ ಮಾತ್ರೆ ಸ್ಟ್ರಿಪ್ಪೂ ತಗೊಂಡೋಗಿ, ಚೀಟಿ ಇಲ್ದೇ ತಂದಿದ್ದೂ ಸೇರಿ.