ಸುಳ್ಳು ಹೇಳದಿದ್ದರೆ ಸಾಕೇ? ಕೋಲಾರದ ಮಂಡಿಯಿಂದ ಒಂದು ಉತ್ತರ

"ಮನೆಯಲ್ಲಿ, ಆಫೀಸಿನಲ್ಲಿ ನ್ಯಾಯವಾಗಿ ಮಾತಾಡುವುದನ್ನು ರೂಢಿ ಮಾಡಿಕೊಳ್ಳುವುದು ಹೇಗೆ? ಸುಳ್ಳು ಹೇಳದಿದ್ದರೆ ಸಾಕಲ್ವಾ? ಮೇಲಿನವರೇ ಸುಳ್ಳು ಹೇಳು ಅಂದರೆ?" ಅಂತ ಕೇಳಿದ್ದೀರಿ.

ಸುಳ್ಳು ಹೇಳದಿದ್ದರೆ ಸಾಲದು. ನಾನು ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನಿಜವಾದ ಮಾತಿನಿಂದಲೇ ಜನ ಹೇಗೆ ಮೋಸ ಹೋಗುತ್ತಾರೆ ಅನ್ನುವುದು ಇಲ್ಲಿ ಚೆನ್ನಾಗಿ ಕಾಣುತ್ತದೆ.

ಹರಾಜು ಮುಗಿಯುತ್ತಲೇ ರೈತರ ಫೋನ್ ಶುರು. "ಅಣ್ಣಾ, ಇವತ್ತು ಏನು ಹೋಯ್ತು?" 15 ಕೆಜಿ ಬಾಕ್ಸಿನ ರೇಟು ಕೇಳುವುದು ಹೀಗೆ. ಎಲ್ಲೋ ಒಂದು ಲಾಟು, ಗಟ್ಟಿ ಕಾಯಿ, ಒಂದೇ ಸೈಜು, 600ಕ್ಕೆ ಹೋಗಿರುತ್ತದೆ. ಉಳಿದ ಮಾಲೆಲ್ಲ 300ರ ಆಸುಪಾಸು ಅಂದುಕೊಳ್ಳಿ. "600 ಹೋಗಿದೆ" ಅಂದರೆ ಅದು ನಿಜವೇ. ಆದರೆ ಅದನ್ನು ನಂಬಿ ಮುಳಬಾಗಿಲಿನ ಕಡೆಯ ರೈತರೊಬ್ಬರು ಕೂಲಿಯವರನ್ನು ಕರೆಸಿ ಕಾಯಿ ಕೀಳಿಸುತ್ತಾರೆ, ಟೆಂಪೋ ಬಾಡಿಗೆ ಮಾತಾಡುತ್ತಾರೆ. ಮರುದಿನ ಅವರ ಮಾಲು 280ಕ್ಕೆ ಹೋಗುತ್ತದೆ. ಯಾರೂ ಸುಳ್ಳು ಹೇಳಿಲ್ಲ. ನಷ್ಟ ಮಾತ್ರ ಅವರದು.

ಅದಕ್ಕೇ ನಾನು ಹೀಗೆ ಹೇಳುತ್ತೇನೆ: "ಒಂದು ಲಾಟು 600 ಹೋಯ್ತು. ಜಾಸ್ತಿ ಮಾಲು 300ರ ಆಸುಪಾಸು. ಮಾಲು ಒಯ್ಯುವ ಹೊರಗಿನ ಲಾರಿ ಕಮ್ಮಿ ಬಂದಿವೆ. ನಿಮ್ಮ ಕಾಯಿ ಎರಡು ದಿನ ತಡೆಯುತ್ತಾ ನೋಡಿ." ಕೇಳದಿದ್ದರೂ ಹೇಳುತ್ತೇನೆ. "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ" ಅನ್ನುವ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ನಾನು ಬಾಯಿ ಮುಚ್ಚಿಕೊಂಡರೆ ದುಡ್ಡು ಯಾರ ಜೇಬಿನಿಂದ ಹೋಗುತ್ತದೆ? ಅವರಿಗೆ ಗೊತ್ತಾಗಲೇಬೇಕು, ಅದೂ ಕಾಯಿ ಕೀಳುವ ಮೊದಲೇ. 2023ರ ಜುಲೈನಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿದಾಗ ಎಲ್ಲರ ಬಾಯಲ್ಲೂ ಆ ದೊಡ್ಡ ರೇಟೇ. ಸಾಧಾರಣ ಮಾಲಿನ ರೇಟು ಹೇಳುವವರು ಬೇಕಾಗಿದ್ದೇ ಆಗ.

ನಮ್ಮ ಕಡೆ ಭಾಷೆಯ ವಿಚಾರವೂ ಇದೆ. ರೈತರಲ್ಲಿ ತೆಲುಗು ಮಾತಾಡುವವರು ಬಹಳ. ಉತ್ತರದ ವ್ಯಾಪಾರಿಗಳದು ಹಿಂದಿ. ರೈತರು ಪಕ್ಕದಲ್ಲೇ ನಿಂತಿರುವಾಗ, ಅವರದೇ ಮಾಲಿನ ಮಾತನ್ನು ಅವರಿಗೆ ಬಾರದ ಭಾಷೆಯಲ್ಲಿ ಮುಗಿಸಿಬಿಡುವುದು ತಪ್ಪು. "ಹಣ್ಣು ಜಾಸ್ತಿ ಆಗಿದೆ, ದೂರ ತಡೆಯಲ್ಲ, ಇಪ್ಪತ್ತು ಇಳಿಸಿ" ಅಂತ ವ್ಯಾಪಾರಿ ಹಿಂದಿಯಲ್ಲಿ ಅಂದರೆ, ಅಲ್ಲೇ ತೆಲುಗಿನಲ್ಲಿ ಅದನ್ನೇ ಹೇಳಿ, ಏನಂತೀರಿ ಅಂತ ಕೇಳಬೇಕು. ನಿಮ್ಮ ಮೀಟಿಂಗುಗಳಲ್ಲೂ ಹೀಗೆ ಒಬ್ಬರು ಸುಮ್ನೆ ತಲೆಯಾಡಿಸುತ್ತಾ ಕೂತಿರಬಹುದು, ಗಮನಿಸಿ.

ಹಾಗಂತ ಗೊತ್ತಿರುವುದನ್ನೆಲ್ಲ ಹೇಳಬೇಕಿಲ್ಲ. ಯಾರು ಎಷ್ಟು ಮುಂಗಡ ತೆಗೆದುಕೊಂಡಿದ್ದಾರೆ, ಎಷ್ಟು ಬಾಕಿ ಇದೆ, ಎಲ್ಲ ನನ್ನ ಪುಸ್ತಕದಲ್ಲಿದೆ. ಊರಿನವರ ಎದುರು "ಹಳೇ ಬಾಕಿ ಏನಾಯ್ತು?" ಅಂತ ಕೂಗಿದರೆ ಮಾತು ನಿಜ, ಹೋಗುವುದು ಒಬ್ಬರ ಮಾನ. ಪಕ್ಕಕ್ಕೆ ಕರೆದು ಕೇಳಿದರಾಯ್ತು.

ಮನೆಯ ವಿಷಯಕ್ಕೆ ಬಂದರೆ, "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು" ಅನ್ನುವ ಗಾದೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹುಡುಗನ ಸಾಲ ಮುಚ್ಚಿಟ್ಟ ಹಿರಿಯರು ಊಟ ಮಾಡಿ ಹೋಗುತ್ತಾರೆ. ಕಂತು ಕಟ್ಟಲು ಒಡವೆ ಅಡ ಇಡುವವಳು ಬಂದ ಸೊಸೆ.

ಫ್ಯಾಮಿಲಿ ಗ್ರೂಪಿನಲ್ಲಿ ಫಾರ್ವರ್ಡ್ ಮಾಡುವುದೂ ಮಾತಾಡಿದ ಹಾಗೇ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿಸಿದರು. ಹೈದರಾಬಾದಿನ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ತರುವುದಾಗಿ ಹೇಳಿತು. ನೀವೇ ನೋಡಿದ್ದಲ್ಲ, ವಿಚಾರಿಸಿದ್ದೂ ಅಲ್ಲ ಅಂದರೆ ಮುಂದೆ ಕಳಿಸಬೇಡಿ.

ಇನ್ನು ಮೇಲಿನವರ ಮಾತು. ಮಾಲು ಇನ್ನೂ ಹೊರಡದಿದ್ದರೂ "ಹೊರಟಿದೆ ಅಂತ ಗಿರಾಕಿಗೆ ಹೇಳಿಬಿಡು" ಅಂತ ಮ್ಯಾನೇಜರ್ ಅಂದರೆ ಜಗಳಕ್ಕೆ ಹೋಗಬೇಡಿ. "ಸರ್, ನಾಳೆ ಸಂಜೆ ಹೊರಡುತ್ತೆ ಅಂತ ಹೇಳ್ಲಾ? ಬೈದರೆ ನಾನೇ ಕೇಳಿಸಿಕೊಳ್ತೀನಿ" ಅನ್ನಿ. ಗಿರಾಕಿಯ ಬೈಗುಳಕ್ಕೆ ಹೆದರಿಯೇ ಎಷ್ಟೋ ಜನ ಸುಳ್ಳು ಹೇಳಿಸುವುದು. ಆ ಫೋನ್ ನೀವೇ ಮಾಡ್ತೀನಿ ಅಂದರೆ ಬೇಡ ಅನ್ನುವವರು ಕಮ್ಮಿ.